ಮೊದಲ ಮಾದರಿ ವಿಮಾನಕ್ಕೆ ಎಂತಹ ರೇಡಿಯೋ ಬೇಕು?

ಕಾಗದವನ್ನು ಮಡಿಸಿ ವಿಮಾನ ಮಾಡಿ ತರಗತಿಯಲ್ಲಿ ಹಾರಿಸದ ವಿದ್ಯಾರ್ಥಿ ಯಾವ ಶಾಲೆಯಲ್ಲಿಯೂ ಇರಲಾರನು. ಅದಕ್ಕಾಗಿ ಬೆಂಚಿನ ಮೇಲೆ ನಿಂತವರೂ ಕಡಿಮೆಯಿಲ್ಲ. ಈ ಕಾಗದದ ವಿಮಾನದಿಂದ ಒಂದು ಹೆಜ್ಜೆ ಮುಂದಕ್ಕೆ ಹೋಗಿ, ಥರ್ಮೋಕೋಲ್ ಹಲಗೆ, ಬಿದಿರಿನ ಸೀಳು, ಅಂಟು ಇವುಗಳಿಂದ ಒಂದು ಮೀಟರಿಗಿಂತ ಸ್ವಲ್ಪ ಹೆಚ್ಚು ಅಗಲದ ರೆಕ್ಕೆಯುಳ್ಳ ವಿಮಾನವನ್ನು ಕಟ್ಟಿ, ಅದಕ್ಕೆ ಮೋಟಾರನ್ನೂ ರೇಡಿಯೋವನ್ನೂ ಕೂಡಿಸಿ, ನೆಲದ ಮೇಲೆ ನಿಂತುಕೊಂಡೇ ಅದನ್ನು ಆಕಾಶದಲ್ಲಿ ನಡೆಸಬೇಕೆಂಬ ಆಸೆ ಕೆಲವು ಮಕ್ಕಳಿಗೆ ಹುಟ್ಟುತ್ತದೆ. ಆಸೆ ಒಳ್ಳೆಯದೇ. ವಿಜ್ಞಾನದ ಪುಸ್ತಕದಲ್ಲಿ ಓದಿದ ಬಲ, ಸನ್ನೆ, ಒತ್ತಡ, ವಿದ್ಯುತ್ತು, ತರಂಗ ಇವೆಲ್ಲವೂ ಒಂದೇ ವಸ್ತುವಿನಲ್ಲಿ ಒಟ್ಟಿಗೆ ಕೆಲಸ ಮಾಡುವುದನ್ನು ಕಣ್ಣಾರೆ ನೋಡಲು ಇದಕ್ಕಿಂತ ಬೇರೆ ಸಾಧನ ಸಿಕ್ಕುವುದು ಕಷ್ಟ.

ಆದರೆ ವಿಮಾನದ ಮೈಯನ್ನು ಕಟ್ಟುವುದಕ್ಕೂ ಅದರ ರೇಡಿಯೋವನ್ನು ಆರಿಸುವುದಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಮೈಯನ್ನು ನಾವೇ ಕಟ್ಟುತ್ತೇವೆ. ರೆಕ್ಕೆ ಮುರಿದರೆ ಸಂಜೆ ಕುಳಿತು ಅಂಟಿಸಬಹುದು. ರೇಡಿಯೋವನ್ನು ಮಾತ್ರ ಹಣ ಕೊಟ್ಟು ತರಬೇಕು, ಮತ್ತು ಒಮ್ಮೆ ತಪ್ಪು ಸಾಮಾನು ತಂದರೆ ಅದನ್ನು ಅಂಟು ಹಚ್ಚಿ ಸರಿಮಾಡಲಾಗದು. ಹೊಲಗೆಲಸದಿಂದಲೋ, ರಾಯದುರ್ಗದಲ್ಲಿ ಪ್ಯಾಂಟು ಹೊಲಿಯುವುದರಿಂದಲೋ ಸಂಸಾರ ಸಾಗಿಸುವ ಮನೆಗಳಿಗೆ ನಾಲ್ಕೈದು ಸಾವಿರ ರೂಪಾಯಿ ಸಣ್ಣ ಮೊತ್ತವಲ್ಲ. "ಆಟದ ಸಾಮಾನಿಗೆ ಇಷ್ಟು ದುಡ್ಡು ಯಾಕಪ್ಪಾ?" ಎಂದು ತಂದೆ ಕೇಳಿದರೆ ಮಗನಿಗಾಗಲಿ ಮಗಳಿಗಾಗಲಿ ಉತ್ತರ ಗೊತ್ತಿರಬೇಕು. ಆ ಉತ್ತರವನ್ನು ಒದಗಿಸುವ ಸಲುವಾಗಿಯೇ ಈ ಲೇಖನ. ಆದುದರಿಂದ ಇದನ್ನು ವಿದ್ಯಾರ್ಥಿಗಳ ಜೊತೆಗೆ ಅವರ ತಂದೆತಾಯಂದಿರೂ ಓದಬೇಕೆಂದು ಕೋರುತ್ತೇನೆ.

ರೇಡಿಯೋದಿಂದ ದೂರದ ವಸ್ತುವನ್ನು ನಡೆಸುವುದು ಹೊಸ ಸಂಗತಿಯೇನೂ ಅಲ್ಲ. 1898ರಲ್ಲಿ ನಿಕೋಲಾ ಟೆಸ್ಲಾ ಎಂಬ ವಿಜ್ಞಾನಿ ನ್ಯೂಯಾರ್ಕ್ ನಗರದಲ್ಲಿ ಒಂದು ಪುಟ್ಟ ದೋಣಿಯನ್ನು ನೀರಿನ ತೊಟ್ಟಿಯಲ್ಲಿ ಬಿಟ್ಟು, ತಂತಿಯ ಸಂಪರ್ಕವಿಲ್ಲದೆ ಅದನ್ನು ಎಡಬಲಕ್ಕೆ ತಿರುಗಿಸಿ ತೋರಿಸಿದನು. ಮಾದರಿ ವಿಮಾನಕ್ಕೆ ಈ ವಿದ್ಯೆ ಬಂದದ್ದು 1930ರ ದಶಕದಲ್ಲಿ. ಅಮೆರಿಕದ ವಾಲ್ಟರ್ ಗುಡ್ ಮತ್ತು ವಿಲಿಯಂ ಗುಡ್ ಎಂಬ ಸೋದರರು 1937ರ ಸುಮಾರಿಗೆ ಹಾರಿಸಿದ 'ಗಫ್' ಎಂಬ ಮಾದರಿ ಇಂದಿಗೂ ಅಲ್ಲಿನ ವಸ್ತುಸಂಗ್ರಹಾಲಯದಲ್ಲಿದೆ. ಆ ಕಾಲದ ರೇಡಿಯೋಗಳ ಕಷ್ಟವನ್ನು ಕೇಳಿದರೆ ಇಂದಿನ ಮಕ್ಕಳಿಗೆ ನಗು ಬಂದೀತು. ಟ್ರಾನ್ಸ್‌ಮಿಟರಿನಲ್ಲಿ ಇದ್ದದ್ದು ಒಂದೇ ಗುಂಡಿ. ವಿಮಾನದೊಳಗೆ ಹುರಿಮಾಡಿದ ರಬ್ಬರ್ ಪಟ್ಟಿಯಿಂದ ತಿರುಗುವ ಒಂದು ಕೊಕ್ಕೆ ಇರುತ್ತಿತ್ತು. ಗುಂಡಿಯನ್ನು ಒಂದು ಸಲ ಒತ್ತಿ ಹಿಡಿದರೆ ಚುಕ್ಕಾಣಿ ಪೂರಾ ಬಲಕ್ಕೆ, ಎರಡು ಸಲ ಒತ್ತಿದರೆ ಪೂರಾ ಎಡಕ್ಕೆ, ಬಿಟ್ಟರೆ ನಡುವಿಗೆ. ಸ್ವಲ್ಪ ತಿರುಗಿಸುವುದೆಂಬುದೇ ಇರಲಿಲ್ಲ. ಗಾಬರಿಯಲ್ಲಿ ಎಷ್ಟು ಸಲ ಒತ್ತಿದೆನೆಂಬುದು ಮರೆತರೆ ವಿಮಾನದ ಕಥೆ ಮುಗಿದಂತೆಯೇ. ಕೈಯನ್ನು ಎಷ್ಟು ಸರಿಸಿದರೆ ಚುಕ್ಕಾಣಿಯೂ ಅಷ್ಟೇ ಸರಿಯುವ ವ್ಯವಸ್ಥೆ ಬಳಕೆಗೆ ಬಂದದ್ದು 1960ರ ದಶಕದಲ್ಲಿ.

ಈ ವ್ಯತ್ಯಾಸವನ್ನು ಇಲ್ಲಿ ಹೇಳಲು ಕಾರಣವಿದೆ. ಜಾತ್ರೆಯಲ್ಲಿ ಸಿಗುವ ಆಟದ ಕಾರಿನ ರಿಮೋಟು ಈಗಲೂ ಹೆಚ್ಚುಕಡಿಮೆ ಆ ಒಂದು ಗುಂಡಿಯ ಕಾಲದಲ್ಲಿಯೇ ನಿಂತಿದೆ. ಒತ್ತಿದರೆ ಪೂರಾ, ಬಿಟ್ಟರೆ ಏನೂ ಇಲ್ಲ. ಹಳೆಯ ಕಾರನ್ನು ಬಿಚ್ಚಿ ಅದರೊಳಗಿನ ಹಸಿರು ಪಟ್ಟಿಯನ್ನು ವಿಮಾನಕ್ಕೆ ಹಾಕಬಹುದಲ್ಲ ಎಂಬ ಯೋಚನೆ ಚುರುಕು ಹುಡುಗರಿಗೆಲ್ಲ ಬರುತ್ತದೆ. ಆದರೆ ಅದರ ಅಲೆಗಳು ಇಪ್ಪತ್ತು ಮೂವತ್ತು ಮೀಟರು ದಾಟುವುದೇ ಕಷ್ಟ. ಕಾರಾದರೆ ಸಂಪರ್ಕ ತಪ್ಪಿದಾಗ ನಿಂತುಬಿಡುತ್ತದೆ, ಓಡಿಹೋಗಿ ಎತ್ತಿಕೊಳ್ಳಬಹುದು. ಗಾಳಿಯಲ್ಲಿರುವ ವಿಮಾನಕ್ಕೆ ನಿಲ್ಲುವ ಸ್ಥಳವಿಲ್ಲ. ಆದುದರಿಂದ ಆ ದಾರಿಯನ್ನು ಪೂರ್ತಿಯಾಗಿ ಬಿಡಬೇಕು.

ಇನ್ನು ರೇಡಿಯೋ ಉಪಕರಣವೆಂದರೆ ಏನೇನು ಎಂಬುದನ್ನು ನೋಡೋಣ. ಕೈಯಲ್ಲಿ ಹಿಡಿಯುವ ಪೆಟ್ಟಿಗೆ ಟ್ರಾನ್ಸ್‌ಮಿಟರ್. ಅದರ ಮೇಲೆ ಎರಡು ಕಡ್ಡಿಗಳಿರುತ್ತವೆ. ಕಡ್ಡಿಯನ್ನು ಸರಿಸಿದಾಗ ಅದರ ಸ್ಥಾನವನ್ನು ಸಂಖ್ಯೆಯಾಗಿ ಮಾಡಿ ಅಲೆಗಳ ಮೂಲಕ ಕಳುಹಿಸುವುದು ಇದರ ಕೆಲಸ. ವಿಮಾನದೊಳಗೆ ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ರಿಸೀವರ್ ಇದ್ದು, ಅದು ಆ ಅಲೆಗಳನ್ನು ಹಿಡಿದು ಅದರಲ್ಲಿರುವ ಆಜ್ಞೆಗಳನ್ನು ಬೇರ್ಪಡಿಸುತ್ತದೆ. ಆಜ್ಞೆಯನ್ನು ನಡೆಸಿಕೊಡುವ ಕೈಗಳೆಂದರೆ ಸರ್ವೋಗಳು. ಮೋಟಾರಿನ ವೇಗವನ್ನು ಹೆಚ್ಚು ಕಡಿಮೆ ಮಾಡುವ ಪಟ್ಟಿಗೆ ಇ.ಎಸ್.ಸಿ. ಎನ್ನುತ್ತಾರೆ. ಇವೆಲ್ಲಕ್ಕೂ ಅನ್ನ ಹಾಕುವುದು ಒಂದು ಬ್ಯಾಟರಿ.

ಸರ್ವೋ ಎಂಬುದು ಬಹು ಸ್ವಾರಸ್ಯದ ಯಂತ್ರ. ಹೆಬ್ಬೆರಳ ಗಾತ್ರದ ಡಬ್ಬಿಯಲ್ಲಿ ಒಂದು ಮೋಟಾರು, ಕೆಲವು ಹಲ್ಲುಗಾಲಿಗಳು ಮತ್ತು ತೋಳು ಎಲ್ಲಿದೆ ಎಂದು ಅಳೆಯುವ ಒಂದು ಪುಟ್ಟ ಸಾಧನ ಇರುತ್ತದೆ. ಈ ಸಾಧನ ನಮ್ಮ ಹಳೆಯ ರೇಡಿಯೋದ ಧ್ವನಿ ಹೆಚ್ಚಿಸುವ ಗುಂಡಿಯಂತೆಯೇ. ರಿಸೀವರು ಸರ್ವೋಗೆ ಒಂದು ಸೆಕೆಂಡಿಗೆ ಸುಮಾರು 50 ಸಲ ವಿದ್ಯುತ್ತಿನ ಮಿಡಿತವನ್ನು ಕಳುಹಿಸುತ್ತದೆ. ಮಿಡಿತದ ಅವಧಿ ಒಂದು ಸೆಕೆಂಡಿನ ಸಾವಿರದ ಒಂದು ಭಾಗವಿದ್ದರೆ ತೋಳು ಒಂದು ಕೊನೆಗೆ, ಸಾವಿರದ ಎರಡು ಭಾಗವಿದ್ದರೆ ಇನ್ನೊಂದು ಕೊನೆಗೆ, ಒಂದೂವರೆ ಇದ್ದರೆ ಸರಿಯಾಗಿ ನಡುವಿಗೆ ಬರುತ್ತದೆ. ತೋಳು ಹೇಳಿದ ಜಾಗದಲ್ಲಿ ಇಲ್ಲದಿದ್ದರೆ ಮೋಟಾರು ತಿರುಗಿ ಅಲ್ಲಿಗೆ ತಂದು ನಿಲ್ಲಿಸುತ್ತದೆ. ಗಾಳಿ ಬಂದು ಚುಕ್ಕಾಣಿಯನ್ನು ತಳ್ಳಿದರೂ ಅದು ಬಿಟ್ಟುಕೊಡುವುದಿಲ್ಲ.

ಮೊದಲ ವಿಮಾನಕ್ಕೆ 9 ಗ್ರಾಂ ತೂಕದ ಸರ್ವೋಗಳು ಸಾಕು. ಹೆಸರೇ ಒಂಬತ್ತು ಗ್ರಾಂ ಸರ್ವೋ. ಇವುಗಳ ಬಲ ಸುಮಾರು ಒಂದೂವರೆಯಿಂದ ಎರಡು ಕಿಲೋಗ್ರಾಂ-ಸೆಂಟಿಮೀಟರು. ಅಂದರೆ ತಿರುಗುವ ಬಿಂದುವಿನಿಂದ ಒಂದು ಸೆಂಟಿಮೀಟರು ದೂರದಲ್ಲಿ ದಾರ ಕಟ್ಟಿದರೆ ಒಂದೂವರೆ ಕಿಲೋ ಕಲ್ಲನ್ನು ತಡೆದು ಹಿಡಿಯಬಲ್ಲದು, ಎರಡು ಸೆಂಟಿಮೀಟರಿನಲ್ಲಿ ಕಟ್ಟಿದರೆ ಅದರ ಅರ್ಧವನ್ನು ಮಾತ್ರ. ಸನ್ನೆಯ ಪಾಠ ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪ್ಲಾಸ್ಟಿಕ್ ಹಲ್ಲಿನವು ಅಗ್ಗ, ಲೋಹದ ಹಲ್ಲಿನವು ಸ್ವಲ್ಪ ದುಬಾರಿ ಮತ್ತು ಭಾರ. ವಿಮಾನ ನೆಲಕ್ಕೆ ಬಿದ್ದಾಗ ಮೊದಲು ಹೋಗುವುದು ಪ್ಲಾಸ್ಟಿಕ್ ಹಲ್ಲು. ಆದರೂ ಮೊದಲ ವಿಮಾನಕ್ಕೆ ಪ್ಲಾಸ್ಟಿಕ್ಕಿನವನ್ನೇ ಕೊಂಡು, ಹೆಚ್ಚಿಗೆ ಎರಡನ್ನು ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುವುದು ಜಾಣತನವೆಂದು ನನ್ನ ಅಭಿಪ್ರಾಯ. ಕೊಂಡ ಕೂಡಲೆ ಪ್ರತಿಯೊಂದನ್ನೂ ಹತ್ತು ನಿಮಿಷ ಆಡಿಸಿ ನೋಡಬೇಕು. ನಡುಗುವುದು, ಕರಕರ ಸದ್ದು ಮಾಡುವುದು ಇದ್ದರೆ ಅದನ್ನು ವಿಮಾನಕ್ಕೆ ಹಾಕದೆ ಅಂಗಡಿಗೆ ಹಿಂದಿರುಗಿಸಬೇಕು.

ಈಗ ಮುಖ್ಯ ವಿಷಯಕ್ಕೆ ಬರೋಣ. ಟ್ರಾನ್ಸ್‌ಮಿಟರನ್ನು ಕೊಳ್ಳುವಾಗ ಎಲ್ಲರೂ ಮೊದಲು ಕೇಳುವ ಮಾತು "ಎಷ್ಟು ಚಾನೆಲ್?" ಎಂಬುದು. ಒಂದು ಚಾನೆಲ್ ಎಂದರೆ ಒಂದು ಆಜ್ಞೆಯ ದಾರಿ. ಬಾಲದ ಚುಕ್ಕಾಣಿಗೆ ಒಂದು, ಮೂತಿಯನ್ನು ಮೇಲೆ ಕೆಳಗೆ ಮಾಡುವ ಎಲಿವೇಟರಿಗೆ ಒಂದು, ಮೋಟಾರಿಗೆ ಒಂದು. ಹೀಗೆ ಮೂರು ಚಾನೆಲುಗಳಿದ್ದರೆ ಒಂದು ಸಾಧು ವಿಮಾನವನ್ನು ಹಾರಿಸಬಹುದು. ಸಾಧು ಎಂದರೆ ರೆಕ್ಕೆ ಮೈಯ ಮೇಲ್ಭಾಗದಲ್ಲಿದ್ದು, ಎರಡು ತುದಿಗಳೂ ಸ್ವಲ್ಪ ಮೇಲಕ್ಕೆ ಎದ್ದಿರುವಂಥದು. ಓಲಿದರೂ ತಾನಾಗಿಯೇ ಸರಿಹೋಗುವ ಗುಣ ಅದಕ್ಕಿದೆ. ರೆಕ್ಕೆಯ ಅಂಚಿನಲ್ಲಿ ಏಲಿರಾನುಗಳನ್ನು ಇಟ್ಟರೆ ನಾಲ್ಕನೆಯ ಚಾನೆಲ್ ಬೇಕು.

ಮೊದಲ ವಿಮಾನಕ್ಕೆ ಮೂರೇ ಸಾಕಾದರೆ ಮೂರು ಚಾನೆಲಿನ ಅಗ್ಗದ ಪೆಟ್ಟಿಗೆಯನ್ನೇ ಕೊಳ್ಳಬಾರದೇಕೆ? ಇಲ್ಲಿ ನನ್ನ ಸಲಹೆ ಬೇರೆ. ವಿಮಾನ ಮೂರು ಚಾನೆಲಿನದೇ ಇರಲಿ, ಟ್ರಾನ್ಸ್‌ಮಿಟರು ಮಾತ್ರ ಆರು ಚಾನೆಲಿನದು ಇರಲಿ. ಏಕೆಂದರೆ ವಿಮಾನದ ಆಯುಸ್ಸು ಬೇರೆ, ಟ್ರಾನ್ಸ್‌ಮಿಟರಿನ ಆಯುಸ್ಸು ಬೇರೆ. ವಿಮಾನ ಬೀಳುತ್ತದೆ, ಮತ್ತೊಂದು ಕಟ್ಟುತ್ತೇವೆ. ಟ್ರಾನ್ಸ್‌ಮಿಟರು ನಮ್ಮ ಕೈಯಲ್ಲೇ ಇರುವುದರಿಂದ ಬೀಳುವ ಭಯವಿಲ್ಲ, ಎಂಟು ಹತ್ತು ವರ್ಷ ಬಾಳುತ್ತದೆ. ಒಬ್ಬ ವಿದ್ಯಾರ್ಥಿ ಎಂಟನೆಯ ತರಗತಿಯಲ್ಲಿ ಕೊಂಡದ್ದು ಅವನು ಕಾಲೇಜು ಮುಗಿಸುವ ತನಕ ಬರಬೇಕು. ಈಗ ನಮ್ಮ ದೇಶದಲ್ಲಿ ಹೊಸಬರು ಬಹಳವಾಗಿ ಕೊಳ್ಳುವುದು ಫ್ಲೈಸ್ಕೈ ಎಂಬ ಚೀನೀ ಕಂಪನಿಯ ಎಫ್‌ಎಸ್-ಐ6 ಎಂಬ ಆರು ಚಾನೆಲಿನ ಸೆಟ್ಟು. ಇದನ್ನು ಬರೆಯುವ ಹೊತ್ತಿಗೆ ರಿಸೀವರೂ ಸೇರಿ ಐದು ಸಾವಿರ ರೂಪಾಯಿಗಳ ಆಸುಪಾಸಿನಲ್ಲಿ ಸಿಗುತ್ತದೆ. ನಾಲ್ಕು ಪೆನ್‌ಸಿಲ್ ಸೆಲ್ಲುಗಳಿಂದ ನಡೆಯುತ್ತದೆ. ಇದಕ್ಕಿಂತ ದುಬಾರಿಯವು, ಬಹಳ ಒಳ್ಳೆಯವು, ಜಪಾನಿನ ಫುಟಾಬಾ ಮುಂತಾದವು ಇವೆ. ಕಲಿಯುವವರಿಗೆ ಅವು ಬೇಕಿಲ್ಲ.

ಇಂತಹ ಸೆಟ್ಟಿನಲ್ಲಿ ಇನ್ನೊಂದು ಅನುಕೂಲವಿದೆ, ಅದನ್ನು ತಂದೆತಾಯಂದಿರು ಗಮನಿಸಬೇಕು. ಇದರ ನೆನಪಿನಲ್ಲಿ ಇಪ್ಪತ್ತು ವಿಮಾನಗಳ ಹೊಂದಾಣಿಕೆಗಳನ್ನು ಬೇರೆಬೇರೆಯಾಗಿ ಉಳಿಸಬಹುದು. ಒಂದೇ ಟ್ರಾನ್ಸ್‌ಮಿಟರನ್ನು ಮೂರು ನಾಲ್ಕು ಮನೆಯವರು ಸೇರಿ ಕೊಂಡು, ಪ್ರತಿಯೊಬ್ಬರೂ ತಮ್ಮ ತಮ್ಮ ವಿಮಾನಕ್ಕೆ ರಿಸೀವರನ್ನು ಮಾತ್ರ ಬೇರೆ ತಂದುಕೊಂಡರೆ ಖರ್ಚು ಬಹಳ ಇಳಿಯುತ್ತದೆ. ಹೇಗೂ ಒಂದು ಸಲಕ್ಕೆ ಒಬ್ಬರೇ ಹಾರಿಸುವುದು ಕ್ಷೇಮ. ಶಾಲೆಯ ವಿಜ್ಞಾನ ಸಂಘ ಒಂದನ್ನು ಕೊಂಡಿಟ್ಟರಂತೂ ಇನ್ನೂ ಮೇಲು. ಆದರೆ ಹಾರಿಸುವ ಮೊದಲು ಪರದೆಯ ಮೇಲೆ ಯಾರ ವಿಮಾನದ ಹೆಸರಿದೆ ಎಂದು ನೋಡತಕ್ಕದ್ದು. ರಾಮನ ವಿಮಾನಕ್ಕೆ ರಹೀಮನ ಹೊಂದಾಣಿಕೆ ಇದ್ದರೆ ಬಲಕ್ಕೆಂದರೆ ಎಡಕ್ಕೆ ಹೋಗಬಹುದು.

ಟ್ರಾನ್ಸ್‌ಮಿಟರನ್ನು ಕೇಳುವಾಗ 'ಮೋಡ್' ಎಂಬುದೊಂದನ್ನೂ ಹೇಳಬೇಕು. ಮೋಡ್ 2 ಎಂದರೆ ಮೋಟಾರಿನ ಕಡ್ಡಿ ಎಡಗೈಗೆ, ಮೋಡ್ 1 ಎಂದರೆ ಬಲಗೈಗೆ. ಯಾವುದು ಮೇಲೆಂಬ ಜಗಳ ಬೇಡ. ನಿಮಗೆ ಕಲಿಸುವವರು ಯಾವುದನ್ನು ಬಳಸುತ್ತಾರೋ ಅದನ್ನೇ ಕೊಳ್ಳಿರಿ. ಕಲಿಸುವವರು ಯಾರೂ ಇಲ್ಲದಿದ್ದರೆ ಹೆಚ್ಚು ಜನ ಬಳಸುವ ಮೋಡ್ 2 ಇರಲಿ.

ಇನ್ನು ಅಲೆಗಳ ವಿಚಾರ. ಬೆಂಗಳೂರು ಆಕಾಶವಾಣಿಯನ್ನು ನಮ್ಮ ಹಿರಿಯರು ಮಧ್ಯಮ ತರಂಗದಲ್ಲಿ 612 ಕಿಲೋಹರ್ಟ್ಜಿನಲ್ಲಿ ಕೇಳುತ್ತಿದ್ದರು. ಬೆಳಕಿನ ವೇಗವನ್ನು ಆವೃತ್ತಿಯಿಂದ ಭಾಗಿಸಿದರೆ ತರಂಗದೂರ ಸಿಗುತ್ತದೆಂದು ಪಾಠದಲ್ಲಿ ಓದಿದ್ದೀರಿ. ಹಾಗೆ ಲೆಕ್ಕ ಹಾಕಿದರೆ ಆ ಅಲೆಯ ಉದ್ದ ಸುಮಾರು 490 ಮೀಟರು. ಆಟದ ಸಾಮಾನುಗಳ 27 ಮೆಗಾಹರ್ಟ್ಜ್ ಅಲೆಯ ಉದ್ದ ಸುಮಾರು 11 ಮೀಟರು. ಹಿಂದೆ ಮಾದರಿ ವಿಮಾನಗಳಿಗೆ ಬೇರೆಬೇರೆ ದೇಶಗಳಲ್ಲಿ 27, 35, 40, 72 ಮೆಗಾಹರ್ಟ್ಜ್‌ಗಳನ್ನು ಬಳಸುತ್ತಿದ್ದರು. ಟ್ರಾನ್ಸ್‌ಮಿಟರಿನಿಂದ ಉದ್ದನೆಯ ಕೋಲನ್ನು ಎಳೆದು ನಿಲ್ಲಿಸಬೇಕಾಗಿತ್ತು, ವಿಮಾನದ ಹಿಂದೆ ಸುಮಾರು ಒಂದು ಮೀಟರು ಉದ್ದದ ತಂತಿ ಬಾಲದಂತೆ ತೂಗುತ್ತಿತ್ತು. ಅದಕ್ಕಿಂತ ದೊಡ್ಡ ತೊಂದರೆಯೆಂದರೆ ಒಂದೇ ಆವೃತ್ತಿಯಲ್ಲಿ ಇಬ್ಬರು ಒಟ್ಟಿಗೆ ಹಾರಿಸುವಂತಿರಲಿಲ್ಲ. ಒಬ್ಬನ ವಿಮಾನ ಮೇಲಿರುವಾಗ ಇನ್ನೊಬ್ಬನು ಅರಿಯದೆ ತನ್ನ ಪೆಟ್ಟಿಗೆಯ ಸ್ವಿಚ್ಚು ಹಾಕಿದರೆ ಮೇಲಿದ್ದದ್ದು ಕೆಳಗೆ! ಅದಕ್ಕಾಗಿ ಮೈದಾನದಲ್ಲಿ ಒಂದು ಹಲಗೆಯಿಟ್ಟು, ಪ್ರತಿ ಆವೃತ್ತಿಗೂ ಒಂದೊಂದು ಬಟ್ಟೆಯ ಕ್ಲಿಪ್ಪನ್ನು ಸಿಕ್ಕಿಸಿ, ಯಾರ ಕೈಯಲ್ಲಿ ಆ ಕ್ಲಿಪ್ಪಿದೆಯೋ ಅವರು ಮಾತ್ರ ಸ್ವಿಚ್ಚು ಹಾಕಬೇಕೆಂಬ ಕಟ್ಟುಪಾಡು ಮಾಡಿಕೊಂಡಿದ್ದರು. ಒಗೆದ ಬಟ್ಟೆಗೆ ಹಾಕುವ ಕ್ಲಿಪ್ಪು ಎಷ್ಟೋ ವಿಮಾನಗಳನ್ನು ಕಾಪಾಡಿತೆಂದರೆ ಸುಳ್ಳಲ್ಲ.

ಈಗ ಬಳಕೆಯಲ್ಲಿರುವುದು 2.4 ಗಿಗಾಹರ್ಟ್ಜ್. ಅಲೆಯ ಉದ್ದ 12 ಸೆಂಟಿಮೀಟರು ಚಿಲ್ಲರೆ, ಆದುದರಿಂದ ರಿಸೀವರಿನ ಆಂಟೆನಾದ ಕೆಲಸ ಮಾಡುವ ತುದಿ ಮೂರು ಸೆಂಟಿಮೀಟರಾದರೆ ಸಾಕು. ಇದರಲ್ಲಿ ಟ್ರಾನ್ಸ್‌ಮಿಟರೂ ರಿಸೀವರೂ ಮೊದಲೇ ಒಂದರ ಗುರುತನ್ನು ಒಂದು ಹಿಡಿದುಕೊಳ್ಳುತ್ತವೆ. ಇದಕ್ಕೆ 'ಬೈಂಡ್' ಮಾಡುವುದು ಎನ್ನುತ್ತಾರೆ. ಆಮೇಲೆ ಇಬ್ಬರೂ ಗೊತ್ತುಮಾಡಿಕೊಂಡ ಕ್ರಮದಲ್ಲಿ ಒಂದು ಆವೃತ್ತಿಯಿಂದ ಇನ್ನೊಂದಕ್ಕೆ ಬೇಗಬೇಗ ಜಿಗಿಯುತ್ತ ಹೋಗುತ್ತಾರೆ. ಒಂದು ಕಡೆ ಗದ್ದಲವಿದ್ದರೂ ಮುಂದಿನ ಜಾಗದಲ್ಲಿ ಮಾತು ಕೇಳಿಸುತ್ತದೆ. ಹೀಗೆ ಜಿಗಿಯುವ ಉಪಾಯಕ್ಕೆ 1942ರಲ್ಲಿ ಹೆಡಿ ಲಮಾರ್ ಎಂಬ ಚಲನಚಿತ್ರ ನಟಿ ಮತ್ತು ಜಾರ್ಜ್ ಆಂಥೈಲ್ ಎಂಬ ಸಂಗೀತಗಾರ ಸೇರಿ ಪೇಟೆಂಟು ಪಡೆದಿದ್ದರು. ಪಿಯಾನೋದಲ್ಲಿ 88 ಮಣೆಗಳಿರುವಂತೆ 88 ಆವೃತ್ತಿಗಳು! ಅವರ ಮನಸ್ಸಿನಲ್ಲಿದ್ದದ್ದು ಯುದ್ಧದ ಟಾರ್ಪೆಡೋ. ನಟಿಗೇಕೆ ಈ ಉಸಾಬರಿ ಎಂದು ಯಾರೂ ಹೇಳಬಾರದು.

ನಮ್ಮ ದೇಶದಲ್ಲಿ 2.4 ಗಿಗಾಹರ್ಟ್ಜಿನ ಅಲ್ಪಶಕ್ತಿಯ ಉಪಕರಣಗಳಿಗೆ ಪ್ರತ್ಯೇಕ ಲೈಸೆನ್ಸು ಬೇಡವೆಂದು ಕೇಂದ್ರ ಸರ್ಕಾರ 2005ರಲ್ಲಿ ನಿಯಮ ಮಾಡಿತು. ಆದುದರಿಂದ ಹಳೆಯ ಕಾಲದ 35 ಅಥವಾ 72 ಮೆಗಾಹರ್ಟ್ಜಿನ ಸೆಟ್ಟನ್ನು ಯಾರಾದರೂ ಅಗ್ಗಕ್ಕೆ ಕೊಡುತ್ತೇನೆಂದರೂ, ಪುಕ್ಕಟೆ ಕೊಡುತ್ತೇನೆಂದರೂ ಬೇಡವೆನ್ನಿರಿ.

ಈ ಅಲೆಗೂ ದೋಷಗಳಿವೆ. ಇದು ಬೆಳಕಿನಂತೆ ನೇರವಾಗಿ ಹೋಗುತ್ತದೆ. ಮರ, ಗೋಡೆ, ಮನುಷ್ಯನ ಮೈ ಇವು ಅಡ್ಡ ಬಂದರೆ ಕುಗ್ಗುತ್ತದೆ. ಟ್ರಾನ್ಸ್‌ಮಿಟರಿನ ಆಂಟೆನಾದ ತುದಿಯಿಂದ ಅಲೆ ಬಹಳ ಕಡಿಮೆ ಹೊರಡುವುದರಿಂದ, ಬಂದೂಕಿನಂತೆ ಅದನ್ನು ವಿಮಾನದ ಕಡೆಗೆ ಗುರಿ ಹಿಡಿಯಬಾರದು. ಅಡ್ಡಲಾಗಿ ಮಡಿಸಿ ಹಿಡಿಯಬೇಕು. ರಿಸೀವರಿಗೆ ಎರಡು ಆಂಟೆನಾ ಇದ್ದರೆ ಒಂದಕ್ಕೊಂದು ಲಂಬವಾಗಿ ಅಂಟಿಸಬೇಕು, ಮೋಟಾರಿನ ತಂತಿಗಳಿಂದ ದೂರವಿಡಬೇಕು.

ಎಷ್ಟು ದೂರ ಹೋಗುತ್ತದೆ ಎಂದು ಮಕ್ಕಳು ಕೇಳುತ್ತಾರೆ. ಮೇಲೆ ಹೇಳಿದಂತಹ ಸೆಟ್ಟುಗಳು ಬಯಲಿನಲ್ಲಿ ಅರ್ಧ ಕಿಲೋಮೀಟರು ಸಲೀಸಾಗಿ ಮುಟ್ಟುತ್ತವೆ. ಅದು ಸಾಲದೆಂದು ಹೆಚ್ಚು ದೂರದ ಸೆಟ್ಟಿಗೆ ಹಣ ಸುರಿಯುವುದು ವ್ಯರ್ಥ. ಲೆಕ್ಕ ಮಾಡಿ ನೋಡಿರಿ. ಒಂದು ಮೀಟರು ಅಗಲದ ವಿಮಾನ 300 ಮೀಟರು ದೂರದಲ್ಲಿದ್ದರೆ, ಚಾಚಿದ ಕೈಯಲ್ಲಿ ಹಿಡಿದ ಒಂದು ಸಜ್ಜೆ ಕಾಳಿನಷ್ಟು ಕಾಣುತ್ತದೆ. ಅದು ನಮ್ಮ ಕಡೆಗೆ ಬರುತ್ತಿದೆಯೋ ಆಚೆಗೆ ಹೋಗುತ್ತಿದೆಯೋ ತಿಳಿಯುವುದೇ ಇಲ್ಲ. ರೇಡಿಯೋ ಸೋಲುವುದಕ್ಕೆ ಬಹಳ ಮೊದಲೇ ಕಣ್ಣು ಸೋಲುತ್ತದೆ. 2003ರ ಆಗಸ್ಟಿನಲ್ಲಿ ಮೇನಾರ್ಡ್ ಹಿಲ್ ಎಂಬ ವೃದ್ಧರ ತಂಡ 5 ಕಿಲೋಗ್ರಾಂ ಒಳಗಿನ ಮಾದರಿಯೊಂದನ್ನು ಕೆನಡಾದಿಂದ ಐರ್ಲೆಂಡಿಗೆ, ಅಟ್ಲಾಂಟಿಕ್ ಸಾಗರದ ಮೇಲೆ 38 ಗಂಟೆಗಳಿಗೂ ಮೀರಿ ಹಾರಿಸಿತು. ಆದರೆ ಅದು ನಡುದಾರಿಯಲ್ಲಿ ನಡೆದದ್ದು ತನ್ನೊಳಗಿನ ಸ್ವಯಂಚಾಲಕದಿಂದ. ಕೈಯ ರೇಡಿಯೋ ಬೇಕಾದದ್ದು ಏರುವಾಗ, ಇಳಿಯುವಾಗ ಮಾತ್ರ.

ಇಂತಹ ಸ್ವಯಂಚಾಲಕದ ದೊಡ್ಡ ಪ್ರಯೋಗಗಳು ನಮ್ಮ ನೆರೆಯಲ್ಲೇ ನಡೆಯುತ್ತಿವೆಯೆಂಬುದು ಎಷ್ಟು ಜನ ಮಕ್ಕಳಿಗೆ ಗೊತ್ತು? ರಾಯದುರ್ಗದಿಂದ ನೈಋತ್ಯಕ್ಕೆ, ಬಹು ದೂರವಲ್ಲದ ಚಳ್ಳಕೆರೆಯ ಬಳಿ ರಕ್ಷಣಾ ಸಂಶೋಧನಾ ಸಂಸ್ಥೆಯ ವೈಮಾನಿಕ ಪರೀಕ್ಷಾ ಕೇಂದ್ರ 2017ರ ಮೇ ತಿಂಗಳಲ್ಲಿ ಉದ್ಘಾಟನೆಯಾಯಿತು. 2022ರ ಜುಲೈ 1ರಂದು ಬಾಲವಿಲ್ಲದ, ರೆಕ್ಕೆಯೇ ಮೈಯಾದ ಒಂದು ಚಾಲಕರಹಿತ ವಿಮಾನ ಅಲ್ಲಿ ಮೊದಲ ಸಲ ಹಾರಿತು. 2023ರ ಏಪ್ರಿಲ್ 2ರಂದು ಇಸ್ರೋ ಸಂಸ್ಥೆ ತನ್ನ ರೆಕ್ಕೆಯುಳ್ಳ ಮರುಬಳಕೆಯ ವಾಹನವನ್ನು ಹೆಲಿಕಾಪ್ಟರಿನಲ್ಲಿ ನಾಲ್ಕೂವರೆ ಕಿಲೋಮೀಟರು ಎತ್ತರಕ್ಕೆ ಒಯ್ದು ಬಿಟ್ಟಿತು. ಅದು ಯಾರ ಕೈಯ ಸಹಾಯವೂ ಇಲ್ಲದೆ ಓಡುದಾರಿಯ ಮೇಲೆ ಬಂದಿಳಿಯಿತು. 2024ರಲ್ಲಿಯೂ ಎರಡು ಸಲ ಈ ಪ್ರಯೋಗ ನಡೆಯಿತು. ಅವುಗಳ ಚುಕ್ಕಾಣಿಗಳನ್ನು ತಿರುಗಿಸುವ ಯಂತ್ರಗಳು ಬಹು ದೊಡ್ಡವು, ಆದರೆ ತೋಳು ಎಲ್ಲಿದೆ ಎಂದು ಅಳೆದು ಹೇಳಿದ ಜಾಗಕ್ಕೆ ತರುವ ತತ್ತ್ವ ನಿಮ್ಮ ಒಂಬತ್ತು ಗ್ರಾಂ ಸರ್ವೋದ್ದೇ.

ರೇಡಿಯೋ ಕೆಟ್ಟು ವಿಮಾನ ಬಿತ್ತು ಎಂದು ಹಾರಿಸುವವರು ಸಾಮಾನ್ಯವಾಗಿ ದೂರುತ್ತಾರೆ. ವಿಚಾರಿಸಿದರೆ ಬಹಳ ಸಲ ರೇಡಿಯೋ ಕೆಟ್ಟಿರುವುದಿಲ್ಲ, ಅದಕ್ಕೆ ಊಟ ಸಿಕ್ಕಿರುವುದಿಲ್ಲ. ಮೋಟಾರಿನ ಬ್ಯಾಟರಿಯಿಂದಲೇ 5 ವೋಲ್ಟನ್ನು ತೆಗೆದು ರಿಸೀವರಿಗೂ ಸರ್ವೋಗಳಿಗೂ ಕೊಡುವ ವ್ಯವಸ್ಥೆ ಇ.ಎಸ್.ಸಿ.ಯೊಳಗೆ ಇರುತ್ತದೆ. ಅದಕ್ಕೆ ಬಿ.ಇ.ಸಿ. ಎಂದು ಹೆಸರು. ಸರ್ವೋದ ಕಡ್ಡಿ ಎಲ್ಲೋ ಸಿಕ್ಕಿಕೊಂಡು ಅದು ಸುಮ್ಮನೆ ತಿಣುಕುತ್ತಿದ್ದರೆ ವಿದ್ಯುತ್ತನ್ನು ಹೀರುತ್ತಲೇ ಇರುತ್ತದೆ. ವೋಲ್ಟೇಜು ಒಂದು ಕ್ಷಣ ಕುಸಿದರೂ ರಿಸೀವರು ನಿದ್ದೆಹೋಗಿ ಎದ್ದಂತೆ ಆಗುತ್ತದೆ. ಆ ಒಂದೆರಡು ಸೆಕೆಂಡು ಸಾಕು, ಮೂರು ತಿಂಗಳ ಶ್ರಮ ಮಣ್ಣುಪಾಲಾಗಲು. ಆದುದರಿಂದ ಇ.ಎಸ್.ಸಿ. ಕೊಳ್ಳುವಾಗ ಬಿ.ಇ.ಸಿ. ಎಷ್ಟು ಆಂಪಿಯರು ಕೊಡುತ್ತದೆಂದು ಕೇಳಬೇಕು. ಎರಡರಿಂದ ನಾಲ್ಕು ಸಣ್ಣ ಸರ್ವೋಗಳಿಗೆ 2 ಆಂಪಿಯರು ಸಾಕು. ಪ್ಲಗ್ಗುಗಳು ಗಟ್ಟಿಯಾಗಿ ಕುಳಿತಿವೆಯೇ ಎಂದೂ ನೋಡಬೇಕು.

ಹಾಗಿದ್ದೂ ಸಂಪರ್ಕ ತಪ್ಪಿದರೆ? ಅದಕ್ಕಾಗಿ 'ಫೇಲ್‌ಸೇಫ್' ಎಂಬ ಏರ್ಪಾಡಿದೆ. ಅಲೆ ಬಾರದಿದ್ದರೆ ಏನು ಮಾಡಬೇಕೆಂದು ರಿಸೀವರಿಗೆ ಮೊದಲೇ ಹೇಳಿಟ್ಟಿರುವುದು. ಮೋಟಾರು ನಿಲ್ಲಬೇಕು, ಚುಕ್ಕಾಣಿ ನಡುವಿಗೆ ಅಥವಾ ಸ್ವಲ್ಪ ಒಂದು ಪಕ್ಕಕ್ಕೆ ಬರಬೇಕು, ಆಗ ವಿಮಾನ ಹತ್ತಿರದಲ್ಲೇ ಸುತ್ತುತ್ತ ಇಳಿಯುತ್ತದೆ. ಈ ಏರ್ಪಾಡು ಇಲ್ಲದ ರೇಡಿಯೋವನ್ನು, ಎಷ್ಟೇ ಅಗ್ಗವಿರಲಿ, ಕೊಳ್ಳಲೇಬಾರದು. ಇದೊಂದು ಮಾತಿನಲ್ಲಿ ನಾನು ರಾಜಿಗೆ ಒಪ್ಪುವುದಿಲ್ಲ. ಪೂರಾ ವೇಗದಲ್ಲಿ ತಿರುಗುತ್ತಿರುವ ಹತ್ತು ಅಂಗುಲದ ಪ್ರೊಪೆಲರು ಹೊಲದಲ್ಲಿ ಬಗ್ಗಿ ಕೆಲಸ ಮಾಡುವವರ ಮೇಲೋ ಎಮ್ಮೆ ಕಾಯುವ ಹುಡುಗನ ಮೇಲೋ ಹೋಗಿ ಬಿದ್ದರೆ ಏನಾದೀತೆಂದು ಯೋಚಿಸಿರಿ. ಕಾರ್ಖಾನೆಯಿಂದ ಬಂದ ಸೆಟ್ಟಿನಲ್ಲಿ ಇದನ್ನು ಹೊಂದಿಸಿರುವುದಿಲ್ಲವೆಂದೇ ತಿಳಿದು, ನಾವೇ ಹೊಂದಿಸಬೇಕು. ಪ್ರೊಪೆಲರನ್ನು ಬಿಚ್ಚಿಟ್ಟು, ಮೋಟಾರನ್ನು ನಿಧಾನವಾಗಿ ತಿರುಗಿಸಿ, ಟ್ರಾನ್ಸ್‌ಮಿಟರಿನ ಸ್ವಿಚ್ಚನ್ನು ಆರಿಸಿದರೆ ಮೋಟಾರು ತಾನಾಗಿ ನಿಲ್ಲಬೇಕು. ನಿಲ್ಲದಿದ್ದರೆ ಆ ದಿನ ಹಾರಾಟವಿಲ್ಲ.

ತೂಕದ ಲೆಕ್ಕವನ್ನೂ ಒಮ್ಮೆ ನೋಡೋಣ. ರಿಸೀವರು 15 ಗ್ರಾಂ, ಎರಡು ಸರ್ವೋ 18 ಗ್ರಾಂ, ಇ.ಎಸ್.ಸಿ. 25 ಗ್ರಾಂ, ಮೋಟಾರು 50 ಗ್ರಾಂ, ಮೂರು ಕೋಶಗಳ 1500 ಮಿಲಿಆಂಪಿಯರ್-ಗಂಟೆಯ ಬ್ಯಾಟರಿ ಸುಮಾರು 120 ಗ್ರಾಂ. ಒಟ್ಟು 228 ಗ್ರಾಂ. ಮೈ 300 ಗ್ರಾಂ ಆದರೆ ಎಲ್ಲ ಸೇರಿ 528 ಗ್ರಾಂ. ರೆಕ್ಕೆ 120 ಸೆಂಟಿಮೀಟರು ಉದ್ದ, 20 ಸೆಂಟಿಮೀಟರು ಅಗಲವಿದ್ದರೆ ಅದರ ವಿಸ್ತೀರ್ಣ 24 ಚದರ ಡೆಸಿಮೀಟರು. ಪ್ರತಿ ಚದರ ಡೆಸಿಮೀಟರಿಗೆ 22 ಗ್ರಾಂ ಹೊರೆ ಬೀಳುತ್ತದೆ. ಮೂವತ್ತರೊಳಗೆ ಇದ್ದರೆ ಕಲಿಯುವವರಿಗೆ ಒಳ್ಳೆಯದು, ನಿಧಾನವಾಗಿ ತೇಲುತ್ತದೆ. ಸರಾಸರಿ 8 ಆಂಪಿಯರು ಖರ್ಚಾದರೆ ಈ ಬ್ಯಾಟರಿ 11 ನಿಮಿಷ ಬರಬೇಕು. ಆದರೆ ಪೂರ್ತಿ ಬರಿದು ಮಾಡದೆ 9 ನಿಮಿಷಕ್ಕೇ ಇಳಿಸಬೇಕು.

ಬ್ಯಾಟರಿಯ ವಿಚಾರವನ್ನು ತಾಯಂದಿರು ವಿಶೇಷವಾಗಿ ತಿಳಿದಿರಬೇಕು. ಇದು ಲಿಥಿಯಂ ಪಾಲಿಮರ್ ಬ್ಯಾಟರಿ, ಟಾರ್ಚಿನ ಸೆಲ್ಲಿನಂತೆ ಸಾಧುವಲ್ಲ. ಒಂದೊಂದು ಕೋಶದ ವೋಲ್ಟೇಜು ತುಂಬಿದಾಗ 4.2, ಅದನ್ನು ಮೀರಬಾರದು. 3ಕ್ಕಿಂತ ಕೆಳಗೆ ಇಳಿದರೆ ಕೆಡುತ್ತದೆ. ಚುಚ್ಚಿದರೆ, ಹೆಚ್ಚು ಚಾರ್ಜು ಮಾಡಿದರೆ ಬೆಂಕಿ ಹತ್ತಬಹುದು. ಕೋಶಗಳನ್ನು ಸಮನಾಗಿ ತುಂಬುವ ಚಾರ್ಜರಿನಿಂದಲೇ, ಬ್ಯಾಟರಿಯನ್ನು ಮಣ್ಣಿನ ಮಡಕೆಯೊಳಗೆ ಮರಳಿನ ಮೇಲಿಟ್ಟು, ಹಾಸಿಗೆ ಹುಲ್ಲು ಬಟ್ಟೆಗಳಿಂದ ದೂರದಲ್ಲಿ, ಎದುರಿಗೆ ಕುಳಿತು ಚಾರ್ಜು ಮಾಡಬೇಕು. ರಾತ್ರಿ ಹಾಕಿ ಮಲಗುವುದು ಸರ್ವಥಾ ಕೂಡದು. ಉಬ್ಬಿದ ಬ್ಯಾಟರಿಯನ್ನು ಮತ್ತೆ ಬಳಸಬಾರದು.

ರೇಡಿಯೋವನ್ನೂ ನಾವೇ ಮಾಡಬಾರದೇ ಎಂದು ಕೇಳುವ ಜಾಣರಿದ್ದಾರೆ. ಆರ್ಡುಯಿನೋ ಎಂಬ ಪುಟ್ಟ ಗಣಕಪಟ್ಟಿ ಮತ್ತು 2.4 ಗಿಗಾಹರ್ಟ್ಜಿನ ಅಗ್ಗದ ಬಿಡಿಭಾಗಗಳಿಂದ ಮಾಡಬಹುದು, ಮಾಡಲೂಬೇಕು. ಆದರೆ ಅದನ್ನು ಮೊದಲು ಕಾರಿಗೋ ದೋಣಿಗೋ ಹಾಕಿ ನೋಡಿರಿ. ವಿಮಾನ ಮನೆಯಲ್ಲಿ ಕಟ್ಟಿದ್ದು, ರೇಡಿಯೋ ಕೊಂಡದ್ದು, ಇದೇ ಮೊದಲ ಸಲಕ್ಕೆ ಸರಿಯಾದ ಜೋಡಿ. ಎರಡೂ ಹೊಸದಾದರೆ ಬಿದ್ದಾಗ ತಪ್ಪು ಯಾವುದರದೆಂದು ತಿಳಿಯುವುದಿಲ್ಲ. ಇನ್ನೊಂದು ಮಾತು, ಬಹಳಷ್ಟು ಟ್ರಾನ್ಸ್‌ಮಿಟರುಗಳನ್ನು ಒಂದು ತಂತಿಯಿಂದ ಗಣಕಯಂತ್ರಕ್ಕೆ ಜೋಡಿಸಿ ಪರದೆಯ ಮೇಲೆ ವಿಮಾನವನ್ನು ಹಾರಿಸಿ ಅಭ್ಯಾಸ ಮಾಡಬಹುದು. ವಿಮಾನ ನಮ್ಮ ಕಡೆಗೆ ಮುಖಮಾಡಿ ಬರುವಾಗ ಎಡಬಲ ಅದಲುಬದಲಾಗುತ್ತದೆ. ಆ ಗೊಂದಲದಲ್ಲಿ ನೂರು ಸಲ ಬೀಳುವುದು ಪರದೆಯ ಮೇಲೆಯೇ ಆಗಲಿ, ಖರ್ಚಿಲ್ಲ. ಇಲ್ಲಿ ಬೇಕಾದ ಸಾಮಾನು ಸಿಗದಿದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ವಿಚಾರಿಸಬಹುದು, ಅಂಚೆಯ ಮೂಲಕ ತರಿಸುವುದೂ ಈಗ ಸುಲಭ.

ಸರ್ಕಾರದ ನಿಯಮಗಳನ್ನೂ ಅರಿತಿರಬೇಕು. 2021ರ ಡ್ರೋನ್ ನಿಯಮಗಳು ಮನುಷ್ಯರಿಲ್ಲದೆ ಹಾರುವ ಮಾದರಿಗಳಿಗೂ ಸಲ್ಲುತ್ತವೆ. 250 ಗ್ರಾಂ ಮೀರಿ 2 ಕಿಲೋವರೆಗಿನವು 'ಮೈಕ್ರೋ' ವರ್ಗಕ್ಕೆ ಸೇರುತ್ತವೆ. ಅವನ್ನು ವ್ಯಾಪಾರಕ್ಕಲ್ಲದೆ ಹಾರಿಸುವವರಿಗೆ ಪೈಲಟ್ ಪ್ರಮಾಣಪತ್ರ ಬೇಡ. ಹಸಿರು ವಲಯದಲ್ಲಿ 400 ಅಡಿಯವರೆಗೆ ಹಾರಿಸಬಹುದು, ಕೆಂಪು ವಲಯದಲ್ಲಿ ಕೇಂದ್ರ ಸರ್ಕಾರದ ಅನುಮತಿಯಿಲ್ಲದೆ ಕೂಡದು. ವಲಯಗಳ ನಕ್ಷೆ ಡಿಜಿಟಲ್ ಸ್ಕೈ ಎಂಬ ಸರ್ಕಾರಿ ತಾಣದಲ್ಲಿದೆ. ನೋಂದಣಿಯ ವಿಚಾರವನ್ನು ಶಾಲೆಯ ಮೂಲಕ ವಿಚಾರಿಸಿಕೊಂಡು ಮುಂದುವರಿಯುವುದು ಒಳ್ಳೆಯದು.

ಕಣೇಕಲ್ಲಿನ ಸುತ್ತ ಹಾರಿಸಲು ಬಯಲಿಗೆ ಬರವಿಲ್ಲ. ಶೇಂಗಾ ಕಿತ್ತ ಹೊಲ ಒಳ್ಳೆಯದು, ಬಿದ್ದರೂ ಮಣ್ಣು ಮೆತ್ತಗಿರುತ್ತದೆ. ಹೊಲದವರನ್ನು ಮಾತ್ರ ಕೇಳಿಯೇ ಇಳಿಯಬೇಕು. ಮೇಲ್ಮಟ್ಟದ ಕಾಲುವೆಯ ದಂಡೆಯೂ ಕೆರೆಯ ಕಡೆಯೂ ಬೇಡ, ನೀರಿಗೆ ಬಿದ್ದ ರಿಸೀವರು ಬದುಕುವುದು ಅಪರೂಪ, ಅದನ್ನು ತರಲು ಹುಡುಗರು ನೀರಿಗಿಳಿಯುವುದು ಇನ್ನೂ ಕೆಟ್ಟದ್ದು. ವಿದ್ಯುತ್ ತಂತಿಗಳಿಂದಲೂ ಗಾಳಿಯಂತ್ರಗಳಿಂದಲೂ ದೂರವಿರಬೇಕು. ಗಾಳಿಯಂತ್ರಗಳನ್ನು ಈ ಸೀಮೆಯಲ್ಲಿ ನೆಟ್ಟಿರುವುದೇ ಇಲ್ಲಿಯ ಗಾಳಿಯನ್ನು ನಂಬಿ. ಆಷಾಢದ ಗಾಳಿಯಲ್ಲಿ ಹೊಸಬರು ಹಾರಿಸಬಾರದು. ನಮ್ಮ ವಿಮಾನದ ವೇಗ ಸೆಕೆಂಡಿಗೆ 9 ಮೀಟರು, ಗಾಳಿಯದು 7 ಮೀಟರು ಎಂದುಕೊಳ್ಳಿ. ಎದುರಿಗೆ ಬರುವಾಗ 2 ಮೀಟರಿನಂತೆ ತೆವಳುತ್ತದೆ, ಹಿಂದಕ್ಕೆ ತಿರುಗಿದರೆ 16 ಮೀಟರಿನಂತೆ ಓಡಿ ಇಪ್ಪತ್ತು ಸೆಕೆಂಡಿನೊಳಗೆ ಆ ಸಜ್ಜೆ ಕಾಳಿನ ದೂರವನ್ನು ದಾಟಿಬಿಡುತ್ತದೆ. ಮಾರ್ಗಶಿರದಿಂದ ಮಾಘದವರೆಗೆ ಬೆಳಿಗ್ಗೆ ಎಂಟು ಗಂಟೆಯ ಒಳಗೆ ಎಲೆ ಅಲುಗದ ಹೊತ್ತು ಸಿಗುತ್ತದೆ. ಅದೇ ಕಲಿಯಲು ತಕ್ಕ ಕಾಲ.

ಮೈದಾನದಲ್ಲಿ ಮೊದಲು ಟ್ರಾನ್ಸ್‌ಮಿಟರಿನ ಸ್ವಿಚ್ಚು, ಆಮೇಲೆ ವಿಮಾನದ ಬ್ಯಾಟರಿ. ಮುಗಿದ ಮೇಲೆ ಮೊದಲು ವಿಮಾನದ ಬ್ಯಾಟರಿ ಬಿಚ್ಚಿ, ಆಮೇಲೆ ಟ್ರಾನ್ಸ್‌ಮಿಟರ್ ಆರಿಸುವುದು. ಈ ಕ್ರಮ ತಪ್ಪಬಾರದು. ಕೆಲವು ಸೆಟ್ಟುಗಳಲ್ಲಿ ಶಕ್ತಿಯನ್ನು ತಗ್ಗಿಸಿ ದೂರ ಪರೀಕ್ಷಿಸುವ ಸೌಲಭ್ಯವಿದೆ. ಹಾಗಿದ್ದರೆ ಮೂವತ್ತು ಹೆಜ್ಜೆ ನಡೆದು ಚುಕ್ಕಾಣಿಗಳು ನಡುಗದೆ ತಿರುಗುತ್ತವೆಯೇ ಎಂದು ಒಬ್ಬರು ವಿಮಾನದ ಬಳಿ ನಿಂತು ನೋಡಬೇಕು. ಹಗರಿ ಹೊಳೆಯ ಕಡೆಯ ಸಣ್ಣ ಮರಳು ಸರ್ವೋದ ಹಲ್ಲುಗಾಲಿಗೂ ಮೋಟಾರಿಗೂ ಸೇರಿಕೊಳ್ಳುತ್ತದೆ. ಮನೆಗೆ ಬಂದ ಕೂಡಲೆ ಒಣ ಬ್ರಷ್ಷಿನಿಂದ ಒರೆಸಿ, ಬ್ಯಾಟರಿಯನ್ನು ಪ್ರತಿ ಕೋಶಕ್ಕೆ 3.8 ವೋಲ್ಟಿನ ಹತ್ತಿರ ತಂದು, ಬಿಸಿಲು ಬೀಳದ ಕಡೆ ಮಡಕೆಯಲ್ಲಿ ಇಡತಕ್ಕದ್ದು.